ಹಿತ್ತಿಲ ಗುಲಾಬಿಯ ವಂಶಾವಳಿ

ಮದ್ದೂರು ಸೀಮೆಯ ಹಳೆಯ ಮನೆಗಳ ಹಿತ್ತಿಲಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಒಂದು ಗುಲಾಬಿ ಗಿಡ ಇರುವುದುಂಟು. ಅದನ್ನು ದುಡ್ಡು ಕೊಟ್ಟು ತಂದಿರುವುದು ಅಪರೂಪ. ತವರಿನಿಂದಲೋ ನೆರೆಮನೆಯಿಂದಲೋ ತಂದ ಗೇಣುದ್ದದ ಕಡ್ಡಿಯೇ ಅದರ ಮೂಲ. ಗುಲಾಬಿ ಹೊರಗಿನಿಂದ ಬಂದ ಹೂವಾದರೂ ಕಡ್ಡಿ ನೆಟ್ಟು ಗಿಡ ಮಾಡುವ ವಿದ್ಯೆ ಈ ಸೀಮೆಗೆ ಹೊಸದಲ್ಲ.

ಇಲ್ಲಿನ ರೈತ ಕಬ್ಬಿನ ಬೀಜ ಬಿತ್ತುವುದಿಲ್ಲ. ಎರಡು ಮೂರು ಕಣ್ಣಿರುವ ತುಂಡುಗಳನ್ನು ಸಾಲಿನಲ್ಲಿ ಮಲಗಿಸುತ್ತಾನೆ. ಹದಿನೆಂಟನೆಯ ಶತಮಾನದ ಕೊನೆಗೆ ಟಿಪ್ಪು ಸುಲ್ತಾನ್ ಪ್ರೋತ್ಸಾಹಿಸಿದ ರೇಷ್ಮೆಗೆ ಬೇಕಾದ ಹಿಪ್ಪುನೇರಳೆಯೂ ಕಡ್ಡಿಯಿಂದಲೇ ಬೆಳೆಯುವಂಥದು. ಕೃಷ್ಣರಾಜಸಾಗರದ ನೀರು ನಾಲೆಗೆ ಬಂದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ ಮೇಲಂತೂ ಬಿತ್ತನೆ ಕಬ್ಬಿನ ಮಾತು ಮನೆಮನೆಗೂ ತಲುಪಿತು. ಗದ್ದೆಯಲ್ಲಿ ನಡೆದರೆ ಇದು ಬೇಸಾಯ. ಹಿತ್ತಿಲಲ್ಲಿ ಹೆಂಗಸರು ಮಾಡಿದರೆ ಅದಕ್ಕೆ ಹೆಸರೂ ಇಲ್ಲ, ದಾಖಲೆಯೂ ಇಲ್ಲ!

ಬಲಿತ, ಪೆನ್ಸಿಲ್ ದಪ್ಪದ ಕಡ್ಡಿಯನ್ನು ಗಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಬೆರೆತ ಮಣ್ಣಿಗೆ ಚುಚ್ಚಿ ನೆರಳಲ್ಲಿಡುವುದು ವಾಡಿಕೆ. ತಲೆಕೆಳಗಾಗಿ ನೆಟ್ಟರೆ ಸಾಮಾನ್ಯವಾಗಿ ಬೇರು ಬಿಡದು. ಕಾರಣ ತಿಳಿದದ್ದು ಬಹಳ ತಡವಾಗಿ. ಚಿಗುರು, ಎಲೆಗಳಲ್ಲಿ ಹುಟ್ಟುವ ಆಕ್ಸಿನ್ ಎಂಬ ರಸವಸ್ತು ಕೆಳಮುಖವಾಗಿ ಇಳಿದು, ಕತ್ತರಿಸಿದ ತುದಿಯಲ್ಲಿ ಬೇರು ಹುಟ್ಟಿಸುತ್ತದೆ. ಅಂಥ ವಸ್ತುಗಳಿಂದ ಬೇರು ಬರಿಸಬಹುದೆಂದು ವಿಜ್ಞಾನಿಗಳು ತೋರಿಸಿದ್ದು 1934-35ರಲ್ಲಿ, ಮಂಡ್ಯದ ಕಾರ್ಖಾನೆ ಇನ್ನೂ ಕೂಸಾಗಿದ್ದಾಗ.

ಎಲ್ಲ ಗುಲಾಬಿಯೂ ಕಡ್ಡಿಗೆ ಒಗ್ಗುವುದಿಲ್ಲ. 1867ರ 'ಲಾ ಫ್ರಾನ್ಸ್' ಗುಲಾಬಿಯಿಂದ ಎಣಿಸುವ ಹೈಬ್ರಿಡ್ ಟೀ ವರ್ಗದ ದೊಡ್ಡ ಹೂಗಳನ್ನು ನರ್ಸರಿಯವರು ಗಟ್ಟಿ ಬೇರಿನ ಬೇರೊಂದು ಗಿಡಕ್ಕೆ ಕಣ್ಣು ಕಸಿ ಮಾಡಿಯೇ ಮಾರುತ್ತಾರೆ. ಪನ್ನೀರು ಗುಲಾಬಿ ಎಂದು ದಕ್ಷಿಣದಲ್ಲಿ ಕರೆಯುವ ಎಡ್ವರ್ಡ್ ಗುಲಾಬಿ ಮಾತ್ರ ಕಡ್ಡಿಗೆ ಸಲೀಸು. ಇದು ಬೂರ್ಬೋನ್ ವರ್ಗದ್ದು. ಹಿಂದೂ ಮಹಾಸಾಗರದ ಇಂದಿನ ರಿಯೂನಿಯನ್ ದ್ವೀಪದ ಹಳೆಯ ಹೆಸರೇ ಈ ವರ್ಗಕ್ಕೆ ಬಂದಿದೆ. ಚೀನಾ ಗುಲಾಬಿಯೂ ಡಮಾಸ್ಕಸ್ ಗುಲಾಬಿಯೂ ಬೆರೆತು ಹುಟ್ಟಿದ್ದೆಂದು ಸಸ್ಯಶಾಸ್ತ್ರಜ್ಞರ ಅಭಿಪ್ರಾಯ. ಎಸಳು ಬೇಗ ಉದುರುವುದರಿಂದ ಹೂದಾನಿಗೆ ಇದು ಬೇಡ. ಪರಿಮಳವೋ, ಮುಡಿಗೂ ದೇವರ ಪಟಕ್ಕೂ ಒಪ್ಪುವಂಥದು.

ಕಡ್ಡಿಯಿಂದ ಬಂದ ಗಿಡ ತಾಯಿಗಿಡದ ಪ್ರತಿರೂಪ. ಅಜ್ಜಿ ನೆಟ್ಟದ್ದೂ ಮೊಮ್ಮಗಳು ಒಯ್ದದ್ದೂ ಒಂದರ್ಥದಲ್ಲಿ ಒಂದೇ ಗಿಡ. ಅದಕ್ಕೆ ಮಡಕೆಯಲ್ಲಿ ಕೂಡಿಟ್ಟ ಬೀಜವಿಲ್ಲ. ಹಿತ್ತಿಲಿಗೆ ಸಿಮೆಂಟು ಹಾಕುವ ಮೊದಲು ಯಾರೂ ಒಂದು ಕಡ್ಡಿ ಮುರಿದುಕೊಳ್ಳದಿದ್ದರೆ, ಆ ಮನೆಯ ಗುಲಾಬಿಯ ಸಾಲು ಅಲ್ಲಿಗೇ ಕಡಿದುಹೋಗುತ್ತದೆ.