ಪರೀಕ್ಷೆಯ ಹೆಸರೂ ರೋಗಿಯ ಪಾಲೂ: ಅಮೆರಿಕಾದ ಆರೋಗ್ಯವಿಮೆಯ ಚರಿತ್ರೆಯಲ್ಲಿ ಒಂದು ವಿಚಾರ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಆರೋಗ್ಯವಿಮೆಯುಳ್ಳವನು ವಿಮಾಕಂತನ್ನು ಸಲ್ಲಿಸಿದ ಮಾತ್ರಕ್ಕೆ ಚಿಕಿತ್ಸೆಯ ವೆಚ್ಚದಿಂದ ಮುಕ್ತನಾಗುವುದಿಲ್ಲ. ವೈದ್ಯನನ್ನು ಕಂಡಾಗಲೂ ಔಷಧವನ್ನು ಪಡೆದಾಗಲೂ ಪರೀಕ್ಷೆ ಮಾಡಿಸಿಕೊಂಡಾಗಲೂ ವೆಚ್ಚದ ಒಂದು ಭಾಗವನ್ನು ಅವನೇ ತೆರಬೇಕಾಗುವುದುಂಟು. ಅದು ಗೊತ್ತುಪಡಿಸಿದ ಮೊತ್ತವಾಗಿದ್ದರೆ ಕೋಪೇ ಎಂದೂ, ಶೇಕಡಾವಾರು ಲೆಕ್ಕದ್ದಾಗಿದ್ದರೆ ಕೋಇನ್ಶೂರೆನ್ಸ್ ಎಂದೂ ಕರೆಯಲ್ಪಡುತ್ತದೆ. ಇವೆರಡನ್ನೂ ನಾವು ‘ರೋಗಿಯ ಪಾಲು’ ಎಂದೇ ವ್ಯವಹರಿಸೋಣ. ಈ ಪಾಲು ವೈದ್ಯಪರೀಕ್ಷೆಗಳ ಮೇಲೆ ಹೇಗೆ ಬಂದಿತು, ಎಲ್ಲೆಲ್ಲಿ ತೆಗೆಯಲ್ಪಟ್ಟಿತು, ತೆಗೆದ ಮೇಲೂ ಯಾವ ರೂಪದಲ್ಲಿ ಉಳಿದುಕೊಂಡಿತು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧

ಆ ದೇಶದ ಆರೋಗ್ಯವಿಮೆಯ ಚರಿತ್ರೆಯನ್ನು ಸಾಮಾನ್ಯವಾಗಿ ೧೯೨೯ನೆಯ ಇಸವಿಯಿಂದ ಆರಂಭಿಸುವುದು ವಾಡಿಕೆ. ಆ ವರ್ಷ ಟೆಕ್ಸಾಸ್ ಸಂಸ್ಥಾನದ ಡಲ್ಲಾಸ್ ನಗರದಲ್ಲಿ ಬೇಲರ್ ವಿಶ್ವವಿದ್ಯಾನಿಲಯದ ಆಸ್ಪತ್ರೆಯು ಜಸ್ಟಿನ್ ಫೋರ್ಡ್ ಕಿಂಬಾಲನ ಯೋಜನೆಯಂತೆ ಶಾಲೋಪಾಧ್ಯಾಯರಿಂದ ತಿಂಗಳಿಗೆ ೫೦ ಸೆಂಟುಗಳನ್ನು ಪಡೆದು, ವರ್ಷಕ್ಕೆ ೨೧ ದಿನಗಳ ಆಸ್ಪತ್ರೆವಾಸದ ವೆಚ್ಚವನ್ನು ವಹಿಸಿಕೊಂಡಿತು. ಮುಂದೆ ಪ್ರಸಿದ್ಧವಾದ ಬ್ಲೂ ಕ್ರಾಸ್ ವಿಮೆಗಳಿಗೆ ಇದೇ ಮೂಲ. ಆದರೆ ಇಲ್ಲಿ ವಿಮೆಗೊಳಪಟ್ಟದ್ದು ಆಸ್ಪತ್ರೆಯ ಹಾಸಿಗೆಯೇ ಹೊರತು, ಹೊರಗಿನಿಂದ ಬಂದು ಮಾಡಿಸಿಕೊಂಡು ಹೋಗುವ ಪರೀಕ್ಷೆಯಲ್ಲ. ೧೯೫೦ರ ದಶಕದಲ್ಲಿ ‘ಮೇಜರ್ ಮೆಡಿಕಲ್’ ಎಂಬ ವಿಸ್ತೃತ ವಿಮೆಗಳು ಹರಡಿದಾಗ, ಹೊರರೋಗಿಗಳ ವೆಚ್ಚದೊಡನೆ ರೋಗಿಯ ಪಾಲೂ ಪ್ರವೇಶಿಸಿತು.

೧೯೬೫ನೆಯ ಜುಲೈ ೩೦ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ನನು ರುಜು ಹಾಕಿದ ಮೆಡಿಕೇರ್ ಶಾಸನವು ವೃದ್ಧರಿಗೆ ಸರ್ಕಾರಿ ವಿಮೆಯನ್ನು ಏರ್ಪಡಿಸಿತು. ಆದರೂ ಖಾಸಗಿ ವಿಮೆಗಳ ಪದ್ಧತಿಯನ್ನು ಅದು ಕೈಬಿಡಲಿಲ್ಲ. ೧೯೬೬ರಲ್ಲಿ ಅದು ಜಾರಿಗೆ ಬಂದಾಗ, ವೈದ್ಯರ ಸೇವೆಗೂ ಹೊರಗಿನ ಪರೀಕ್ಷೆಗಳಿಗೂ ವರ್ಷದ ಮೊದಲ ೫೦ ಡಾಲರುಗಳನ್ನು ವೃದ್ಧನೇ ಕೊಟ್ಟು, ಆಮೇಲಿನ ವೆಚ್ಚದಲ್ಲಿ ಶೇಕಡಾ ೨೦ರಷ್ಟನ್ನು ಹೊರಬೇಕಾಗಿತ್ತು.

೨

ಈ ಪದ್ಧತಿಗೆ ತಾತ್ತ್ವಿಕ ಸಮರ್ಥನೆಯು ದೊರೆತದ್ದು ಅರ್ಥಶಾಸ್ತ್ರಜ್ಞರಿಂದ. ಕೆನೆತ್ ಆರೋ ೧೯೬೩ರಲ್ಲಿ ವೈದ್ಯಸೇವೆಯ ಅರ್ಥಶಾಸ್ತ್ರವನ್ನು ಕುರಿತು ಬರೆದ ಪ್ರಬಂಧಕ್ಕೆ ಪ್ರತಿಯಾಗಿ, ಮಾರ್ಕ್ ಪಾಲಿ ೧೯೬೮ರಲ್ಲಿ ತನ್ನ ವಾದವನ್ನು ಮುಂದಿಟ್ಟನು. ಬೆಲೆಯಿಲ್ಲದ ವಸ್ತುವನ್ನು ಜನರು ಹೆಚ್ಚಾಗಿ ಬಳಸುವುದು ಶೀಲದೋಷವಲ್ಲ, ಲೋಕಸಹಜವಾದ ನಡತೆ; ಆದುದರಿಂದ ರೋಗಿಯು ಒಂದು ಪಾಲನ್ನು ತೆತ್ತರೆ ಅನಾವಶ್ಯಕ ಬಳಕೆ ತಗ್ಗುವುದೆಂಬುದು ಅದರ ಸಾರ.

ಈ ವಾದವು ಅಲ್ಲಗಳೆಯತಕ್ಕದ್ದಲ್ಲ. ವಿಮೆಯ ಬೊಕ್ಕಸ ಅಕ್ಷಯಪಾತ್ರೆಯಲ್ಲ. ರೋಗಿಯು ಕೊಡದುದು ಮತ್ತೊಬ್ಬರ ಕಂತಿಗೆ ಸೇರುವುದು. ಆದರೆ ಪರೀಕ್ಷೆಯೆಂಬುದು ಯಾರೂ ರುಚಿಗಾಗಿ ಬಯಸುವ ಪದಾರ್ಥವಲ್ಲ. ಅದನ್ನು ಬರೆದುಕೊಡುವವನು ವೈದ್ಯ, ತೆರುವವನು ರೋಗಿ. ಯಾವ ಪರೀಕ್ಷೆ ಅವಶ್ಯಕ, ಯಾವುದು ಅನಾವಶ್ಯಕ ಎಂಬ ವಿವೇಚನೆಯನ್ನು ಈ ಸಿದ್ಧಾಂತವು ಅದಕ್ಕೆ ಬೇಕಾದ ಜ್ಞಾನವಿಲ್ಲದವನ ತಲೆಗೆ ಕಟ್ಟಿತು.

೧೯೭೪ರಿಂದ ೧೯೮೨ರವರೆಗೆ ರ್‍ಯಾಂಡ್ ಸಂಸ್ಥೆಯು ಜೋಸೆಫ್ ನ್ಯೂಹೌಸನ ನೇತೃತ್ವದಲ್ಲಿ ಆರು ಸ್ಥಳಗಳಲ್ಲಿ ನಡೆಸಿದ ದೊಡ್ಡ ಪ್ರಯೋಗದಿಂದ ಇದು ವಿಶದವಾಯಿತು. ಎರಡು ಸಾವಿರಕ್ಕೂ ಮಿಕ್ಕ ಕುಟುಂಬಗಳಲ್ಲಿ ಕೆಲವಕ್ಕೆ ಚಿಕಿತ್ಸೆಯನ್ನು ಉಚಿತವಾಗಿಯೂ, ಉಳಿದವಕ್ಕೆ ಶೇಕಡಾ ೨೫, ೫೦, ೯೫ ಎಂಬ ಪಾಲುಗಳ ಮೇಲೆಯೂ ಒದಗಿಸಲಾಗಿತ್ತು. ಪಾಲು ಹೆಚ್ಚಿದಂತೆ ಬಳಕೆ ತಗ್ಗಿತು. ಸಾಮಾನ್ಯರ ಆರೋಗ್ಯಕ್ಕೆ ಅದರಿಂದ ಎದ್ದುಕಾಣುವ ಹಾನಿಯೂ ಆಗಲಿಲ್ಲ. ಆದರೆ ಜನರು ಬೇಡದುದನ್ನು ಬಿಟ್ಟಷ್ಟೇ ಬೇಕಾದುದನ್ನೂ ಬಿಟ್ಟಿದ್ದರು. ರಕ್ತದ ಒತ್ತಡವುಳ್ಳ ಬಡವರಲ್ಲಿ, ಉಚಿತ ಚಿಕಿತ್ಸೆ ಪಡೆದವರ ಒತ್ತಡವೇ ಹೆಚ್ಚು ಹತೋಟಿಗೆ ಬಂದಿತ್ತು. ಮೆಡಿಕೇರಿನ ಖಾಸಗಿ ಯೋಜನೆಗಳನ್ನು ಕುರಿತು ೨೦೦೮ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಸ್ತನದ ಎಕ್ಸ್-ರೇ ಪರೀಕ್ಷೆಗೆ ಪಾಲನ್ನು ವಿಧಿಸಿದಲ್ಲಿ ಪರೀಕ್ಷೆ ಮಾಡಿಸಿಕೊಂಡ ಸ್ತ್ರೀಯರ ಪ್ರಮಾಣವು, ವಿಧಿಸದಿದ್ದಲ್ಲಿಗಿಂತ ನೂರಕ್ಕೆ ೮.೩ರಷ್ಟು ಕಡಿಮೆಯಾಗಿತ್ತೆಂದು ತೋರಿಸಿತು.

೩

ಶಾಸನಕರ್ತರು ಇಂಥ ಪರಿಣಾಮಗಳನ್ನು ಕಾಣದವರಲ್ಲ. ೧೯೮೪ರಲ್ಲಿಯೇ ಮೆಡಿಕೇರಿನಲ್ಲಿ ಪ್ರಯೋಗಶಾಲೆಯ ಪರೀಕ್ಷೆಗಳಿಗೆ ನಿಗದಿಯಾದ ದರಪಟ್ಟಿಯು ಬಂದು, ಆ ದರವನ್ನೇ ಪೂರ್ಣ ಸಂದಾಯವೆಂದು ಒಪ್ಪಿದ ಶಾಲೆಗಳಲ್ಲಿ ರೋಗಿಯ ಪಾಲು ತೆಗೆಯಲ್ಪಟ್ಟಿತು. ೨೦೧೦ರ ಮಾರ್ಚಿಯಲ್ಲಿ ಅಧ್ಯಕ್ಷ ಬರಾಕ್ ಒಬಾಮಾ ರುಜು ಹಾಕಿದ ಶಾಸನವು ಇನ್ನೂ ಮುಂದೆ ಹೋಗಿ, ತಜ್ಞಮಂಡಲಿಯು ಮೊದಲೆರಡು ಶ್ರೇಣಿಗಳಲ್ಲಿ ಶಿಫಾರಸು ಮಾಡಿದ ಮುಂಜಾಗ್ರತೆಯ ಪರೀಕ್ಷೆಗಳಿಗೆ ಖಾಸಗಿ ವಿಮೆಗಾರರು ಪಾಲನ್ನು ಕೇಳಕೂಡದೆಂದು ವಿಧಿಸಿತು. ಹಳೆಯ ಕೆಲವು ವಿಮೆಗಳು ಮಾತ್ರ ಈ ವಿಧಿಗೆ ಹೊರತಾಗಿದ್ದುವು.

ಇಲ್ಲಿಂದ ಮುಂದೆ ವಿವಾದವು ಪರೀಕ್ಷೆಯಿಂದ ಅದರ ಹೆಸರಿಗೆ ಸಾಗಿತು. ರೋಗಲಕ್ಷಣವಿಲ್ಲದವನಿಗೆ ಮಾಡಿದರೆ ಅದು ಮುಂಜಾಗ್ರತೆಯ ಪರೀಕ್ಷೆ, ಉಚಿತ. ಲಕ್ಷಣವಿದ್ದವನಿಗೆ ಮಾಡಿದರೆ ರೋಗನಿರ್ಣಯದ ಪರೀಕ್ಷೆ, ಪಾಲು ತೆರಬೇಕಾದದ್ದು. ಯಂತ್ರವೂ ವೈದ್ಯನೂ ಒಂದೇ. ಕೊಲೊನೊಸ್ಕೊಪಿ ಎಂಬ ದೊಡ್ಡ ಕರುಳಿನ ಪರೀಕ್ಷೆಯಲ್ಲಿ ಈ ವಿಚಿತ್ರವು ಸ್ಪಷ್ಟವಾಗಿದೆ. ಉಚಿತವೆಂದು ನಂಬಿ ಮಲಗಿದವನ ಕರುಳಿನಲ್ಲಿ, ಮುಂದೆ ಅರ್ಬುದವಾಗಬಹುದಾದ ಪಾಲಿಪ್ ಎಂಬ ಸಣ್ಣ ಗಂಟು ಸಿಕ್ಕಿ ವೈದ್ಯನು ಅದನ್ನು ಕತ್ತರಿಸಿದರೆ, ಎಚ್ಚರಗೊಳ್ಳುವಷ್ಟರಲ್ಲಿ ಪರೀಕ್ಷೆಯು ಚಿಕಿತ್ಸೆಯಾಗಿ ಪರಿಣಮಿಸಿ ಬಿಲ್ಲು ಬರುತ್ತಿತ್ತು. ಗಂಟನ್ನು ತೆಗೆಯುವುದೂ ಪರೀಕ್ಷೆಯ ಅಂಗವೇ ಎಂದು ೨೦೧೩ರಲ್ಲಿ ಸರ್ಕಾರವು ಖಾಸಗಿ ವಿಮೆಗಾರರಿಗೆ ಸ್ಪಷ್ಟಪಡಿಸಬೇಕಾಯಿತು. ಮೆಡಿಕೇರಿನಲ್ಲಿ ಇದೇ ದೋಷವನ್ನು ತಿದ್ದಲು ೨೦೨೦ರ ಡಿಸೆಂಬರಿನ ಶಾಸನವು ಮೆಟ್ಟಲುಮೆಟ್ಟಲಾದ ದಾರಿಯನ್ನು ಹಿಡಿಯಿತು: ರೋಗಿಯ ಪಾಲು ೨೦೨೩ರಿಂದ ಶೇಕಡಾ ೧೫, ೨೦೨೭ರಿಂದ ಶೇಕಡಾ ೧೦, ೨೦೩೦ರಿಂದ ಮಾತ್ರ ಸೊನ್ನೆ.

ಕೋವಿಡ್ ಪಿಡುಗಿನ ಕಾಲದಲ್ಲಿ ಹೆಸರಿನ ಬದಲು ತಾರೀಖು ಮುಖ್ಯವಾಯಿತು. ೨೦೨೦ನೆಯ ಮಾರ್ಚಿ ೧೮ರ ಶಾಸನದಂತೆ ಆ ರೋಗದ ಪರೀಕ್ಷೆಗೆ ವಿಮೆಗಾರರು ಪಾಲನ್ನು ಕೇಳುವಂತಿರಲಿಲ್ಲ. ೨೦೨೩ನೆಯ ಮೇ ೧೧ರಂದು ತುರ್ತುಸ್ಥಿತಿಯು ಮುಗಿಯಿತು. ಅದರೊಡನೆ ಈ ನಿರ್ಬಂಧವೂ ಮುಗಿಯಿತು. ರೋಗವು ಮಾತ್ರ ಮುಗಿದಿರಲಿಲ್ಲ.

೪

ಈ ಚರಿತ್ರೆಯಿಂದ ಒಂದು ಸಂಗತಿಯು ವ್ಯಕ್ತವಾಗುತ್ತದೆ. ಶಾಸನಗಳು ಪಾಲನ್ನು ತೆಗೆದದ್ದು ಬಹುಮಟ್ಟಿಗೆ ಪರೀಕ್ಷೆಯ ಮೊದಲ ಹೆಜ್ಜೆಗೆ. ಉಳಿಸಿದ್ದು ಎರಡನೆಯ ಹೆಜ್ಜೆಗೆ. ಆದರೆ ಪಾಲಿನ ಸಿದ್ಧಾಂತವು ತಡೆಯಹೊರಟದ್ದು ಅನಾವಶ್ಯಕ ಬಳಕೆಯನ್ನು. ಮೊದಲ ಪರೀಕ್ಷೆಯಲ್ಲಿ ಸಂಶಯಾಸ್ಪದವಾದುದು ಕಂಡುಬಂದವಳಿಗೆ ಎರಡನೆಯ ಪರೀಕ್ಷೆ ಅನಾವಶ್ಯಕವಾಗುವುದಾದರೂ ಹೇಗೆ? ಆರೋಗ್ಯವಂತರಿಗೆ ಬಾಗಿಲು ತೆರೆದು, ರೋಗದ ಸುಳಿವು ಸಿಕ್ಕವರಲ್ಲಿ ಸುಂಕ ಕೇಳುವ ಈ ಕ್ರಮವು ಸಿದ್ಧಾಂತಕ್ಕೇ ವಿರುದ್ಧವಾದದ್ದು. ಇದನ್ನು ಮನಗಂಡೇ ೨೦೨೨ರಲ್ಲಿ ಮಲಪರೀಕ್ಷೆಯ ನಂತರದ ಕೊಲೊನೊಸ್ಕೊಪಿಗೂ, ೨೦೨೬ರಿಂದ ಸ್ತನಪರೀಕ್ಷೆಯನ್ನು ಪೂರ್ಣಗೊಳಿಸಲು ಬೇಕಾಗುವ ಹೆಚ್ಚಿನ ಚಿತ್ರಣಕ್ಕೂ ಖಾಸಗಿ ವಿಮೆಗಳಲ್ಲಿ ವಿನಾಯಿತಿಯು ವಿಧಿಸಲ್ಪಟ್ಟಿತು. ಒಂದೊಂದೇ ಅಂಗಕ್ಕೆ, ಒಂದೊಂದೇ ಹೆಸರಿಗೆ ಹೀಗೆ ವಿನಾಯಿತಿಯನ್ನು ಹಂಚುತ್ತ ಹೋದುದರಲ್ಲಿ ವರ್ಷಗಳು ಕಳೆದುವು. ರೋಗವಾದರೋ ಹೆಸರಿಗಾಗಿ ಕಾಯುವುದಿಲ್ಲ.