ಕೌದಿ

ಕೌದಿ ಎಂದರೆ ಉಟ್ಟು ಹಳೆಯದಾದ ಬಟ್ಟೆಗಳನ್ನು ಪದರಪದರವಾಗಿ ಹಾಸಿ, ಕೈಹೊಲಿಗೆಯಿಂದ ಒಂದುಗೂಡಿಸಿ ತಯಾರಿಸುವ ಹಾಸು ಹೊದಿಕೆ. ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿಯೂ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿಯೂ ಇದು ಬಳಕೆಯಲ್ಲಿದೆ. ಯಲ್ಲಾಪುರ ಮತ್ತು ಹಳಿಯಾಳದ ಸುತ್ತಲಿನ ಸಿದ್ದಿ ಸಮುದಾಯದ ಮಹಿಳೆಯರು ಹೊಲಿಯುವ ಕೌದಿಗಳು ತಮ್ಮ ವಿಶಿಷ್ಟ ವಿನ್ಯಾಸದಿಂದ ವಿದೇಶಗಳಲ್ಲಿಯೂ ಪರಿಚಿತವಾಗಿವೆ. ಹತ್ತಿಯ ಸೀರೆ ಮತ್ತು ಧೋತರಗಳ ಜಾಗಕ್ಕೆ ಟೀ ಶರ್ಟು, ನೈಟಿ, ಪಾಲಿಯೆಸ್ಟರ್ ಉಡುಪುಗಳು ಬಂದ ಮೇಲೆ ಕೌದಿಗೆ ಒದಗುವ ಬಟ್ಟೆಯ ಗುಣವೇ ಬದಲಾಗಿದೆ. ಯಾವ ಬಟ್ಟೆಯನ್ನು ಯಾವ ಪದರದಲ್ಲಿ ಇಡಬೇಕು ಎಂಬ ತಿಳಿವಳಿಕೆ ಇಂದಿನ ಕೌದಿಯ ಬಾಳಿಕೆಯನ್ನು ನಿರ್ಧರಿಸುತ್ತದೆ.

ಹೆಸರು

ಕೌದಿ ಎಂಬ ಪದಕ್ಕೆ ಕವದಿ, ಕವುದಿ ಎಂಬ ರೂಪಗಳೂ ಇವೆ. ಸಿದ್ದಿಯರ ಆಡುಮಾತಿನಲ್ಲಿ ಇದನ್ನು ಕವಂದಿ ಎನ್ನುತ್ತಾರೆ. ಹಳೆಯ ಬಟ್ಟೆಯ ತುಂಡುಗಳನ್ನು ಹೊಲಿದು ಮಾಡಿದ, ಸಾಧುಸಂತರು ಧರಿಸುವ ಉಡುಪಿಗೆ ಸಂಸ್ಕೃತದಲ್ಲಿ ಕಂಥಾ ಎಂಬ ಹೆಸರಿದ್ದು, ಕನ್ನಡದಲ್ಲಿ ಅದು ಕಂಥೆ ಎಂದಾಗಿದೆ.

ಬಳಕೆ

ಕೌದಿ ಏಕಕಾಲಕ್ಕೆ ಹಾಸಿಗೆಯೂ ಹೊದಿಕೆಯೂ ಆಗಿದೆ. ಬೇಸಿಗೆಯಲ್ಲಿ ನೆಲದ ಮೇಲೆ ಹಾಸಲು, ಮಳೆಗಾಲ ಮತ್ತು ಚಳಿಗಾಲದಲ್ಲಿ ಹೊದೆಯಲು ಅದನ್ನು ಬಳಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಮಳೆ ಸುರಿಯುವ ಘಟ್ಟದ ಮೇಲಿನ ಊರುಗಳಲ್ಲಿ ನೆಲದ ತಂಪು ಮೈಗೆ ತಾಗದಂತೆ ತಡೆಯಲು ಕಂಬಳಿಯಂತೆ ಕೌದಿಯೂ ಆಸರೆಯಾಗಿದೆ. ತೊಟ್ಟಿಲ ಮಗುವಿಗೆ ಸಣ್ಣ ಅಳತೆಯ ಕೌದಿಯನ್ನು ಪ್ರತ್ಯೇಕವಾಗಿ ಹೊಲಿಯುತ್ತಾರೆ. ಹಲವು ಸಲ ಒಗೆದು ಮೆತ್ತಗಾದ ಹತ್ತಿ ಬಟ್ಟೆ ಎಳೆಯ ಮೈಗೆ ಒರಟೆನಿಸುವುದಿಲ್ಲ ಮತ್ತು ತೇವವನ್ನು ಬೇಗನೆ ಹೀರಿಕೊಳ್ಳುತ್ತದೆ.

ಹೊಲಿಯುವ ಕ್ರಮ

ಕೌದಿಯಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ. ಕೆಳಗಿನದು ಅಡಿಬಟ್ಟೆ. ಇದಕ್ಕೆ ಗಟ್ಟಿಯಾದ ಸೀರೆ ಅಥವಾ ಪಂಚೆಯನ್ನು ಆರಿಸುತ್ತಾರೆ. ಅದರ ಮೇಲೆ ಒಳಪದರಗಳು ಬರುತ್ತವೆ. ಹರಿದ, ಬಣ್ಣ ಮಾಸಿದ, ಹೊರಗೆ ಕಾಣಬಾರದ ಬಟ್ಟೆಗಳೆಲ್ಲ ಇಲ್ಲಿ ಸೇರುತ್ತವೆ. ಎಲ್ಲಕ್ಕಿಂತ ಮೇಲಿನದು ತೇಪೆಗಳ ಪದರ ಅಥವಾ ಒಂದೇ ಸೀರೆಯ ಮೇಲುಹೊದಿಕೆ.

ಹೊಲಿಯುವ ಮೊದಲು ಉಡುಪುಗಳನ್ನು ಒಗೆದು ಒಣಗಿಸಿ, ಗುಂಡಿ, ಕಾಲರು, ಜಿಪ್ಪು ಮತ್ತು ದಪ್ಪನೆಯ ಮಡಿಕೆಗಳನ್ನು ಕತ್ತರಿಸಿ ತೆಗೆಯುತ್ತಾರೆ. ಅಡಿಬಟ್ಟೆಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಪದರಗಳನ್ನು ಒಂದರ ಮೇಲೊಂದು ಹರಡಿ, ಅಂಚನ್ನು ಒಳಕ್ಕೆ ಮಡಚಿ ದಪ್ಪ ದಾರದಿಂದ ಹೊಲಿಯುತ್ತಾರೆ. ಸೂಜಿ ಮೇಲೆ ಕೆಳಗೆ ಸಾಲಾಗಿ ಹಾಯುವ ಸಾದಾ ಹೊಲಿಗೆಯೇ ಕೌದಿಯ ಜೀವಾಳ. ಸಾಲುಗಳು ಒತ್ತೊತ್ತಾಗಿದ್ದಷ್ಟೂ ಪದರಗಳು ಜರುಗುವುದು ಕಡಿಮೆ. ಒಂದು ಕಡೆ ದಾರ ಹರಿದರೂ ಪಕ್ಕದ ಸಾಲು ಬಟ್ಟೆಯನ್ನು ಹಿಡಿದಿಡುತ್ತದೆ. ಪದರಗಳ ನಡುವೆ ನಿಲ್ಲುವ ಗಾಳಿ ಮೈಯ ಬಿಸಿ ಹೊರಹೋಗದಂತೆ ತಡೆಯುವುದರಿಂದ ತೆಳುವಾದ ಹಳೆಯ ಬಟ್ಟೆಗಳಿಂದಲೂ ಬೆಚ್ಚನೆಯ ಹೊದಿಕೆ ಸಾಧ್ಯವಾಗುತ್ತದೆ.

ಸಿದ್ದಿ ಕೌದಿ

ಸಿದ್ದಿಯರು ಆಫ್ರಿಕಾ ಮೂಲದ ಜನ. ಇವರ ಪೂರ್ವಿಕರಲ್ಲಿ ಹಲವರು ಪೋರ್ಚುಗೀಸರ ಆಳ್ವಿಕೆಯ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಉತ್ತರ ಕನ್ನಡದ ಕಾಡುಗಳಲ್ಲಿ ನೆಲೆಸಿದರು. ಹಿಂದೂ, ಕ್ರೈಸ್ತ ಮತ್ತು ಮುಸ್ಲಿಂ ಧರ್ಮಗಳನ್ನು ಅನುಸರಿಸುವ ಸಿದ್ದಿಯರಿದ್ದಾರೆ. ಉತ್ತರ ಕನ್ನಡದ ಸಿದ್ದಿಯರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಕೌದಿ ಹೊಲಿಗೆ ಮೂರೂ ಧರ್ಮಗಳ ಸಿದ್ದಿ ಮಹಿಳೆಯರಿಗೆ ಸಮಾನವಾದ ವಿದ್ಯೆಯಾಗಿದೆ.

ಸಿದ್ದಿ ಕೌದಿಯಲ್ಲಿ ತೇಪೆಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದಿಲ್ಲ. ಒಂದು ಮೂಲೆಯಿಂದ ಆರಂಭಿಸಿ, ಅಂಚಿನುದ್ದಕ್ಕೂ ತೇಪೆಗಳನ್ನು ಒಂದೊಂದಾಗಿ ಇಟ್ಟು ಹೊಲಿಯುತ್ತ, ನಾಲ್ಕೂ ಬದಿ ಸುತ್ತಿ ಕ್ರಮೇಣ ನಡುಭಾಗಕ್ಕೆ ಬರುತ್ತಾರೆ. ತೇಪೆ ಹಚ್ಚುವ ಹೊಲಿಗೆಯೇ ಪದರಗಳನ್ನೂ ಕೂಡಿಸುತ್ತದೆ. ಅಳತೆಯ ಪಟ್ಟಿಯಾಗಲಿ ಚೌಕಟ್ಟಾಗಲಿ ಬೇಕಾಗುವುದಿಲ್ಲ. ಮುಂದಿನ ತೇಪೆಯ ಬಣ್ಣ ಮತ್ತು ಆಕಾರವನ್ನು ಹೊಲಿಯುವವರು ಆಗಿಂದಾಗಲೇ ತೀರ್ಮಾನಿಸುವುದರಿಂದ ಒಂದು ಕೌದಿಯಂತೆ ಇನ್ನೊಂದು ಇರುವುದಿಲ್ಲ. ನಾಲ್ಕೂ ಮೂಲೆಗಳಿಗೆ ಮಡಿಸಿದ ತ್ರಿಕೋನಾಕಾರದ ಬಟ್ಟೆಗಳನ್ನು ಸೇರಿಸುತ್ತಾರೆ. ಹೂವು ಎಂಬ ಅರ್ಥದಲ್ಲಿ ಇವನ್ನು ಫೂಲ ಎಂದು ಕರೆಯುತ್ತಾರೆ. ಫೂಲ ಇಲ್ಲದ ಕೌದಿಯನ್ನು ಪೂರ್ಣವೆಂದು ಪರಿಗಣಿಸುವುದಿಲ್ಲ. ಕೆಲವು ಕೌದಿಗಳಲ್ಲಿ ಶಿಲುಬೆ ಅಥವಾ ಅರ್ಧಚಂದ್ರದ ಆಕೃತಿಗಳೂ ಕಾಣಸಿಗುತ್ತವೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಾಲ್ ಸಿದ್ದಿ ಕೌದಿಗಳ ಅಧ್ಯಯನ ನಡೆಸಿದ್ದಾರೆ. 2011ರಲ್ಲಿ ನ್ಯೂಯಾರ್ಕ್‌ನ ಶೋಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನ ನಡೆಯಿತು.

ಟೀ ಶರ್ಟುಗಳ ಬಳಕೆ

ಸೀರೆ, ಪಂಚೆ, ಅಂಗಿಗಳದು ನೇಯ್ದ ಬಟ್ಟೆ. ಉದ್ದ ಮತ್ತು ಅಡ್ಡ ಎಳೆಗಳು ಹೆಣೆದುಕೊಂಡಿರುವುದರಿಂದ ಅದು ಹೆಚ್ಚು ಹಿಗ್ಗುವುದಿಲ್ಲ. ಟೀ ಶರ್ಟು ಮತ್ತು ಬನಿಯನ್ನುಗಳ ಬಟ್ಟೆಯಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಸೇರಿಕೊಂಡಿರುತ್ತದೆ. ಎಳೆದರೆ ಕುಣಿಕೆಗಳು ಹಿಗ್ಗುತ್ತವೆ, ಕತ್ತರಿಸಿದ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಇಂತಹ ಬಟ್ಟೆಯನ್ನು ಮೇಲುಪದರದ ತೇಪೆಯಾಗಿ ಹಚ್ಚಿದರೆ ಹೊಲಿಗೆ ಸುಕ್ಕುಗಟ್ಟಿ, ಕೆಲವು ಒಗೆತಗಳ ಬಳಿಕ ತೇಪೆ ಜೋತುಬೀಳುತ್ತದೆ. ಹೀಗಾಗಿ ಹತ್ತಿಯ ಟೀ ಶರ್ಟಿಗೆ ತಕ್ಕ ಸ್ಥಾನ ಒಳಪದರ. ಮೇಲೆ ಮತ್ತು ಕೆಳಗೆ ನೇಯ್ದ ಬಟ್ಟೆಯಿದ್ದರೆ ನಡುವಿನ ಬನಿಯನ್ ಬಟ್ಟೆ ಹಿಗ್ಗದೆ ನಿಲ್ಲುತ್ತದೆ ಮತ್ತು ಕೌದಿ ಮೆತ್ತಗಾಗುತ್ತದೆ.

ಟೀ ಶರ್ಟಿನ ತೋಳು ಮತ್ತು ಕುತ್ತಿಗೆಯ ಪಟ್ಟಿಯನ್ನು ತೆಗೆದು, ಕಂಕುಳಿನಿಂದ ಕೆಳಗಿನ ಭಾಗವನ್ನು ಒಂದು ಪಕ್ಕದಲ್ಲಿ ಸೀಳಿದರೆ ಒಂದೇ ಅಗಲವಾದ ತುಂಡು ದೊರೆಯುತ್ತದೆ. ದೊಡ್ಡವರ ಅಂಗಿಯಲ್ಲಿ ಇದು ಸುಮಾರು 100 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದವಿರುತ್ತದೆ. 180 ಸೆಂ.ಮೀ. ಉದ್ದ, 150 ಸೆಂ.ಮೀ. ಅಗಲದ ಕೌದಿಯ ಒಂದು ಒಳಪದರಕ್ಕೆ ಇಂತಹ 7 ಅಥವಾ 8 ಅಂಗಿಗಳು ಸಾಕು. ತುಂಡುಗಳ ಅಂಚನ್ನು ಒಂದರ ಮೇಲೊಂದು ಸ್ವಲ್ಪ ಏರುವಂತೆ ಇಡಬೇಕು. ಮಡಚಿ ಹೊಲಿದರೆ ಆ ಜಾಗದಲ್ಲಿ ಗಂಟು ಕಟ್ಟಿದಂತಾಗಿ ಮಲಗಿದವರ ಬೆನ್ನಿಗೆ ಒತ್ತುತ್ತದೆ. ಹೊಲಿಯುವಾಗ ಬಟ್ಟೆಯನ್ನು ಎಳೆದು ಹಿಡಿಯಬಾರದು.

ಕ್ರೀಡಾಕೂಟ ಮತ್ತು ಪ್ರಚಾರಗಳಲ್ಲಿ ಹಂಚುವ ಅಂಗಿಗಳು ಹಲವು ಬಾರಿ ಪಾಲಿಯೆಸ್ಟರಿನವಾಗಿರುತ್ತವೆ. ಇವು ಬೆವರನ್ನು ಹತ್ತಿಯಂತೆ ಹೀರುವುದಿಲ್ಲ. ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಸೌದೆಯ ಒಲೆ ಅಥವಾ ಅಗ್ಗಿಷ್ಟಿಕೆಯ ಬಳಿ ಮಲಗುವ ಮನೆಗಳಲ್ಲಿ, ವಿಶೇಷವಾಗಿ ಮಕ್ಕಳ ಕೌದಿಗೆ, ಇಂತಹ ಬಟ್ಟೆ ಸೂಕ್ತವಲ್ಲ. ಅಂಗಿಯ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹತ್ತಿ ಕಾಗದದ ವಾಸನೆ ಬೀರಿ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಮಣಿಯಂತಾಗುತ್ತದೆ.

ಇತರ ಮಾರ್ಪಾಡುಗಳು

ಕೌದಿಗೆ ಸೇರದ ಟೀ ಶರ್ಟುಗಳನ್ನು ಮನೆಯಲ್ಲಿಯೇ ಬೇರೆ ರೂಪಕ್ಕೆ ತರಬಹುದು. ತೋಳು ಮತ್ತು ಕುತ್ತಿಗೆಯನ್ನು ಕತ್ತರಿಸಿ, ಕೆಳಗಿನ ಅಂಚನ್ನು ಎರಡು ಸಾಲು ಹೊಲಿದರೆ ಸಂತೆಯ ಚೀಲವಾಗುತ್ತದೆ. ಹೆಗಲ ಭಾಗಗಳೇ ಹಿಡಿಕೆಗಳಾಗುತ್ತವೆ. ಒಡಲನ್ನು ಅಡ್ಡಲಾಗಿ ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ಎಳೆದರೆ ಅಂಚು ಸುತ್ತಿಕೊಂಡು ಹುರಿಯಂತಾಗುತ್ತದೆ. ಮೂರು ಹುರಿಗಳನ್ನು ಜಡೆಯಂತೆ ಹೆಣೆದು, ಸುರುಳಿ ಸುತ್ತಿ ಹೊಲಿದರೆ ಕಾಲೊರಸು ಸಿದ್ಧವಾಗುತ್ತದೆ. ದೊಡ್ಡವರ ಅಂಗಿಯ ಕೆಳಭಾಗದಿಂದ ಕೂಸಿನ ಜುಬ್ಬ, ಟೊಪ್ಪಿಗೆಗಳನ್ನು ಹೊಲಿಯಬಹುದು. ಹತ್ತಿಯ ಚೂರುಗಳು ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆಯಾಗಿ ಒದಗುತ್ತವೆ.

ಒಗೆತ ಮತ್ತು ಬಾಳಿಕೆ

ನೆನೆದ ಕೌದಿ ಬಹಳ ಭಾರವಾಗುವುದರಿಂದ ಅದನ್ನು ಒಗೆದು ಹಿಂಡಲು ಇಬ್ಬರು ಬೇಕಾಗುತ್ತದೆ. ಪದರಗಳ ಒಳಗೆ ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಘಟ್ಟದ ಮೇಲೆ ಕೌದಿ ಒಗೆಯಲು ಮಳೆಗಾಲಕ್ಕೆ ಮುಂಚಿನ ಬಿಸಿಲ ದಿನಗಳೇ ಅನುಕೂಲ. ಸವೆದ ಕೌದಿಯನ್ನು ಎಸೆಯಬೇಕಾಗಿಲ್ಲ. ಅದರ ಮೇಲೆ ಹೊಸ ತೇಪೆ ಹಚ್ಚಬಹುದು, ಅಥವಾ ಅದನ್ನೇ ಒಳಪದರವಾಗಿಸಿ ಮತ್ತೊಂದು ಕೌದಿ ಹೊಲಿಯಬಹುದು.

ದುಡಿಮೆ ಮತ್ತು ಬೆಲೆ

ಮನೆಗೆಲಸ, ಹೊಲಗದ್ದೆಯ ಕೆಲಸಗಳ ನಡುವಿನ ಬಿಡುವಿನಲ್ಲಿ ಹೊಲಿಯುವುದರಿಂದ ಒಂದು ಕೌದಿ ಮುಗಿಯಲು ಹಲವು ವಾರಗಳು ಹಿಡಿಯುವುದುಂಟು. ಮನೆಬಳಕೆಯ ಕೌದಿಗೆ ಯಾರೂ ಕೂಲಿ ಲೆಕ್ಕ ಹಾಕುವುದಿಲ್ಲ. ಮಾರಾಟಕ್ಕೆ ಬಂದಾಗ ಹಳೆಯ ಬಟ್ಟೆಗೆ ಏನು ಬೆಲೆ ಎಂಬ ಪ್ರಶ್ನೆ ಎದುರಾಗುತ್ತದೆ. ಗಿರಣಿಯ ಅಗ್ಗದ ಹೊದಿಕೆಯೊಂದಿಗೆ ಹೋಲಿಕೆಯೂ ನಡೆಯುತ್ತದೆ. ಕೌದಿಯ ಬೆಲೆ ಇರುವುದು ಬಟ್ಟೆಯಲ್ಲಿ ಅಲ್ಲ, ಅದನ್ನು ಆರಿಸುವ ಕಣ್ಣಿನಲ್ಲಿ ಮತ್ತು ಹೊಲಿಗೆಗೆ ತಗಲುವ ಸಮಯದಲ್ಲಿ. ಸಿದ್ದಿ ಮಹಿಳೆಯರ ಕೌದಿಗಳು ಪ್ರದರ್ಶನಗಳಲ್ಲಿ ಕಲಾಕೃತಿಗಳೆಂದು ಗುರುತಿಸಲ್ಪಟ್ಟ ಬಳಿಕ ಈ ದುಡಿಮೆ ಹೊರಗಿನವರ ಗಮನಕ್ಕೂ ಬಂದಿದೆ.

ಇತರ ಪ್ರದೇಶಗಳಲ್ಲಿ

ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ, ಬಿಹಾರದ ಸುಜನಿ ಮತ್ತು ಸಿಂಧ್ ಪ್ರಾಂತದ ರಲ್ಲಿ ಇವು ಕೌದಿಯನ್ನು ಹೋಲುವ ಹೊದಿಕೆಗಳು. ಜಪಾನಿನ ರೈತಾಪಿ ಜನ ತೇಪೆಯ ಮೇಲೆ ತೇಪೆ ಹಚ್ಚಿ ಬಳಸುತ್ತಿದ್ದ ಬಟ್ಟೆಗಳಿಗೆ ಬೋರೋ ಎಂದು ಹೆಸರು. ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್‌ನಲ್ಲಿ ಆಫ್ರಿಕಾ ಮೂಲದ ಮಹಿಳೆಯರು ದುಡಿಮೆಯ ಉಡುಪುಗಳ ತುಂಡುಗಳಿಂದ ಹೊಲಿದ ಹೊದಿಕೆಗಳೂ ಪ್ರಸಿದ್ಧವಾಗಿವೆ.