ಗೀಸರ್ ಹೊಗೆ ಎಲ್ಲಿಗೆ ಹೋಗುತ್ತೆ?

‘ಗೀಸರ್’ ಐಸ್‌ಲ್ಯಾಂಡಿನಿಂದ ಬಂದ ಪದ. ಅಲ್ಲಿ ಗೇಸಿರ್ ಅನ್ನೋ ಬಿಸಿನೀರಿನ ಬುಗ್ಗೆಯೊಂದಿದೆ. 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಎಂಬ ಪೇಂಟರ್ ಗ್ಯಾಸ್ ಉರಿಯಲ್ಲಿ ನೀರು ಕಾಯಿಸೋ ಯಂತ್ರ ಮಾಡಿ ಅದಕ್ಕೆ ಆ ಹೆಸರಿಟ್ಟ. ಬ್ರಿಟಿಷರ ಇಂಗ್ಲಿಷ್ ಜತೆ ಪದ ನಮ್ಮ ಬಚ್ಚಲಿಗೂ ಬಂತು. ಅಮೆರಿಕದವರಿಗೆ ಗೀಸರ್ ಅಂದ್ರೆ ಇವತ್ತಿಗೂ ಬುಗ್ಗೆನೇ.

ಮಾನ್ ಯಂತ್ರ ತಕ್ಷಣ ಬಿಸಿನೀರು ಕೊಡ್ತಿತ್ತು. ಆದರೆ ಅದಕ್ಕೆ ಹೊಗೆ ಕೊಳವೆಯೇ ಇರಲಿಲ್ಲ. ಉರಿದ ಗಾಳಿ ಸ್ನಾನ ಮಾಡುವವನ ಪಕ್ಕದಲ್ಲೇ ಉಳೀತಿತ್ತು.

ಊರಿನ ನಮ್ಮ ಬಚ್ಚಲಲ್ಲಿ ಹಂಡೆ ಒಲೆಗೆ ಸೌದೆ ಹಾಕಿದ್ರೆ ಕಣ್ಣು ಉರಿದು ನಾವೇ ಎದ್ದು ಹೊರಗೆ ಓಡ್ತಿದ್ವಿ. ಹೊಗೆನೂ ಹೆಂಚಿನ ಸಂದಿಯಲ್ಲಿ ಹೋಗ್ತಿತ್ತು. ಗ್ಯಾಸ್ ಹಾಗೆ ಓಡಿಸಲ್ಲ. ಗಾಳಿ ಸಾಲದೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಇದನ್ನ ಸರಿಯಾಗಿ ಅಳೆದವನು ಜಾನ್ ಸ್ಕಾಟ್ ಹಾಲ್ಡೇನ್. 1890ರ ದಶಕದಲ್ಲಿ ಗಣಿ ಸ್ಫೋಟಗಳಲ್ಲಿ ಸತ್ತವರನ್ನ ಪರೀಕ್ಷಿಸಿ, ಬಹಳಷ್ಟು ಜನರನ್ನ ಕೊಂದದ್ದು ಬೆಂಕಿಯಲ್ಲ, ಈ ಅನಿಲ ಅಂತ ತೋರಿಸಿದ. ಆ ಅನಿಲವನ್ನ ತಾನೇ ಉಸಿರಾಡಿ ತನ್ನ ರಕ್ತವನ್ನೂ ಪರೀಕ್ಷಿಸಿಕೊಂಡ, ಪುಣ್ಯಾತ್ಮ! ನಮ್ಮ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನ ಹಿಡ್ಕೊಳ್ಳುತ್ತೆ. ಗಣಿಗೆ ಪುಟ್ಟ ಹಕ್ಕಿಗಳನ್ನ ಒಯ್ಯಿರಿ ಅಂದದ್ದೂ ಅವನೇ.

‘ಗ್ಯಾಸ್‌ಗೆ ವಾಸನೆ ಇದೆಯಲ್ಲ?’ ಅಂತೀರಿ. ಆ ವಾಸನೆ ನಾವು ಬೆರೆಸಿದ್ದು. 1937ರಲ್ಲಿ ಟೆಕ್ಸಾಸಿನ ನ್ಯೂ ಲಂಡನ್ ಶಾಲೆಯಲ್ಲಿ ವಾಸನೆಯಿಲ್ಲದ ಗ್ಯಾಸ್ ಸೋರಿ ಸ್ಫೋಟವಾಗಿ ಸುಮಾರು 300 ಜನ ಸತ್ತ ಮೇಲೆ ಅಲ್ಲಿ ವಾಸನೆ ಬೆರೆಸೋದು ಕಡ್ಡಾಯವಾಯ್ತು. ನಮ್ಮ ಸಿಲಿಂಡರಿನ ಗ್ಯಾಸಿಗೂ ಅಂಥದ್ದೇ ಬೆರೆಸ್ತಾರೆ. ಆದರೆ ಅದು ಸೋರಿಕೆಗೆ ಮಾತ್ರ ಎಚ್ಚರಿಕೆ. ಉರಿಯಲ್ಲಿ ಆ ವಾಸನೆಯೂ ಸುಟ್ಟುಹೋಗುತ್ತೆ. ಬೆಂಗಳೂರಿನ ಬಾತ್‌ರೂಮುಗಳಲ್ಲಿ ಆಗುವ ಗ್ಯಾಸ್ ಗೀಸರ್ ಸಾವುಗಳ ಹಿಂದೆ ಇರೋದು ಇದೇ.

ಇದಕ್ಕೆ ಎಂಜಿನಿಯರುಗಳು ಕೊಟ್ಟ ಒಳ್ಳೇ ಉತ್ತರ ಮುಚ್ಚಿದ ಉರಿಕೋಣೆ. ಅಂಥ ಹೀಟರ್ ಉರಿಗೆ ಬೇಕಾದ ಗಾಳಿಯನ್ನ ಹೊರಗಿಂದಲೇ ಎಳೆದು, ಉರಿದದ್ದನ್ನ ಹೊರಗೇ ಬಿಡುತ್ತೆ. ಮನುಷ್ಯ ಉಸಿರಾಡುವ ಗಾಳಿಗೂ ಉರಿಗೂ ಸಂಬಂಧವೇ ಇಲ್ಲ. ಕ್ಯಾರವಾನುಗಳಿಗೆ ಇಂಥವನ್ನೇ ಮಾಡ್ತಾರೆ.

ಇಷ್ಟೆಲ್ಲ ಓದಿದ್ದು ಚಿಕ್ಕಪ್ಪನ ಮಗನಿಗೋಸ್ಕರ. ಮನೆಮನೆಗೆ ಹೋಗಿ ನಾಯಿಗೆ ಸ್ನಾನ ಮಾಡಿಸೋ ವ್ಯಾನ್ ಶುರು ಮಾಡ್ತಿದ್ದಾನೆ. ಬಾತ್‌ರೂಮಿನ ಗ್ಯಾಸ್ ಗೀಸರನ್ನೇ ಒಳಗೆ ತಗುಲಿಹಾಕೋ ಯೋಚನೆ.

‘ಅಣ್ಣ, ಹಿಂದಿನ ಬಾಗಿಲು ತೆಗೆದಿಟ್ರೆ ಸಾಕಲ್ವಾ?’

‘ಮಳೆ ಬಂದ್ರೆ? ನಾಯಿ ಹಾರಿಹೋಗುತ್ತೆ ಅಂದ್ರೆ? ಮುಚ್ಚೇ ಮುಚ್ತೀಯ ಕಣೋ.’

ವ್ಯಾನ್ ಅಂದ್ರೆ ಬಾತ್‌ರೂಮಿನಷ್ಟೇ ಇಕ್ಕಟ್ಟಿನ ತಗಡಿನ ಡಬ್ಬ. ಅದಕ್ಕೆ ಮುಚ್ಚಿದ ಉರಿಕೋಣೆಯ, ವಾಹನಕ್ಕೆಂದೇ ಮಾಡಿದ ಹೀಟರೇ ಬೇಕು. ಸಿಲಿಂಡರಿಗೆ ಬೇರೆ ಗೂಡು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೀರಿನ ಹಾಗೆ ತಳದಲ್ಲಿ ನಿಲ್ಲುತ್ತೆ. ಹಾಗಾಗಿ ಆ ಗೂಡಿನ ತಳದಲ್ಲೇ ರಸ್ತೆ ಕಾಣೋ ತೂತು ಇರಬೇಕು, ಮೇಲಿನ ಕಿಟಕಿ ಉಪಯೋಗಕ್ಕಿಲ್ಲ. ಮೊನಾಕ್ಸೈಡ್ ತೂಕದಲ್ಲಿ ಹೆಚ್ಚುಕಮ್ಮಿ ಗಾಳಿಯಷ್ಟೇ, ಎಲ್ಲಾ ಕಡೆ ಬೆರೆಯುತ್ತೆ. ಅದರ ಅಲಾರಂ ಕೆಲಸ ಮಾಡುವವನ ಮೂಗಿನ ಎತ್ತರದಲ್ಲಿರಲಿ. ಮನೆಯ 14.2 ಕೆ.ಜಿ. ಸಿಲಿಂಡರನ್ನ ವ್ಯಾಪಾರಕ್ಕೆ ಬಳಸೋ ಹಾಗೂ ಇಲ್ಲ. ಗಾಡಿ ಓಡುವಾಗ ಸಿಲಿಂಡರಿನ ವಾಲ್ವ್ ಬಂದ್.

ಖರ್ಚು ಕೇಳಿ ಅವನ ಮುಖ ಸಪ್ಪಗಾಯ್ತು. ಸದ್ಯಕ್ಕೆ ಮನೆಯಲ್ಲೇ ಕಾಯಿಸಿದ ನೀರನ್ನ ದೊಡ್ಡ ಫ್ಲಾಸ್ಕಿನಂಥ ಟ್ಯಾಂಕಿಗೆ ತುಂಬ್ಕೊಂಡು ಹೋಗ್ತಿದ್ದಾನೆ. ನಾಲ್ಕು ನಾಯಿಗೆ ಸಾಕಾಗುತ್ತಂತೆ.